ಸೂಕ್ಷ್ಮ ಹೊಟ್ಟೆಯ ಬೆಕ್ಕಿಗೆ ಐದು ಬಗೆಯ ಮಾಂಸ ಬೇಕೇ?

ಪ್ರಶ್ನೆ: ಡಾಕ್ಟರೇ, ನಮ್ಮ ಬೆಕ್ಕು ಬೆಳ್ಳಿಗೆ ನಾಲ್ಕು ವರ್ಷ. ಗಂಡು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ತೂಕ ನಾಲ್ಕು ಕಿಲೋ. ಮರಿಯಾಗಿದ್ದಾಗಿನಿಂದಲೂ ಅದರ ಹೊಟ್ಟೆ ಸೂಕ್ಷ್ಮ. ಪ್ಯಾಕೆಟ್ಟಿನ ಒಣ ಆಹಾರ ತಿಂದಾಗ ಮೇಲಿಂದ ಮೇಲೆ ಭೇದಿಯಾಗುತ್ತಿತ್ತು. ಒಂದು ವರ್ಷದಿಂದ ಹಸಿ ಕೋಳಿಮಾಂಸ ಕೊಡುತ್ತಿದ್ದೇನೆ. ಹೆಚ್ಚಾಗಿ ಎದೆಯ ಭಾಗ, ವಾರಕ್ಕೆರಡು ಸಲ ಕತ್ತಿನ ಮೂಳೆ, ನೆನಪಾದಾಗ ಲಿವರ್. ಈಗ ಮಲ ಗಟ್ಟಿಯಾಗಿದೆ, ಕೂದಲು ಹೊಳೆಯುತ್ತದೆ. ಆದರೆ ಒಂದೇ ಮಾಂಸ ಕೊಟ್ಟರೆ ಪೋಷಕಾಂಶದ ಕೊರತೆಯಾಗುತ್ತದೆ, ಕನಿಷ್ಠ ಐದು ಬಗೆಯ ಮಾಂಸವನ್ನು ಸರದಿಯಂತೆ ಕೊಡಬೇಕು ಎಂದು ಬೆಕ್ಕು ಸಾಕಿರುವ ಗೆಳತಿಯರು ಹೇಳುತ್ತಾರೆ. ಅದನ್ನು ನಂಬಿ ಮಟನ್ ಕೈಮಾ ಕೊಟ್ಟೆ. ಮರುದಿನವೇ ಲೋಳೆ ಬೆರೆತ ಭೇದಿ. ಹಸಿ ಭೂತಾಯಿ ಮೀನು ಕೊಟ್ಟೆ; ಅರ್ಧ ಗಂಟೆಯಲ್ಲಿ ವಾಂತಿ. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅತ್ತೆಯವರಿದ್ದಾರೆ, ಬೆಳ್ಳಿ ಮಲಗುವುದು ಅವರ ಮಡಿಲಲ್ಲೇ. ಬರೀ ಕೋಳಿ ಸಾಕೇ? ಹೊಸ ಮಾಂಸ ಸೇರಿಸುವುದಾದರೆ ಹೇಗೆ? ಭೇದಿಯಾದಾಗ ಮೊಸರನ್ನ ಕೊಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಈಗಿನ ಊಟದಲ್ಲಿ ಏನೋ ಕೊರತೆಯಿದೆ ಎಂಬುದು ಒಂದು, ಬೇರೆ ಏನು ಕೊಟ್ಟರೂ ಹೊಟ್ಟೆ ಕೆಡುತ್ತದೆ ಎಂಬುದು ಇನ್ನೊಂದು. ಮೊದಲನೆಯ ಆತಂಕ ನಿಜ, ಬೆಳ್ಳಿಯ ಊಟದಲ್ಲಿ ಕೊರತೆ ಇದೆ. ಆದರೆ ಗೆಳತಿಯರು ಸೂಚಿಸಿದ ಪರಿಹಾರದಿಂದ ಅದು ನೀಗುವುದಿಲ್ಲ. ಎರಡನೆಯ ಆತಂಕಕ್ಕೆ ಬೇರೆ ವಿವರಣೆಯಿದೆ. ಮಟನ್ ಮತ್ತು ಮೀನು ಬೆಳ್ಳಿಗೆ ಎಂದೆಂದಿಗೂ ಒಗ್ಗುವುದಿಲ್ಲ ಎಂದು ಈಗಲೇ ತೀರ್ಮಾನಿಸಬೇಡಿ.

ಮೊದಲು ಆ ಐದು ಬಗೆಯ ಮಾಂಸದ ಮಾತು. ಕೋಳಿ, ಕುರಿ, ಮೊಲ, ಬಾತುಕೋಳಿ, ಟರ್ಕಿ ಎಂದು ಐದೂ ಪ್ರಾಣಿಗಳ ಮೂಳೆರಹಿತ ಮಾಂಸವನ್ನು ಸರದಿಯಲ್ಲಿ ಕೊಟ್ಟರೂ ಬೆಕ್ಕಿಗೆ ಬೇಕಾದ ಕ್ಯಾಲ್ಸಿಯಂ ಸಿಗುವುದಿಲ್ಲ, ಏಕೆಂದರೆ ಐದರಲ್ಲೂ ಅದು ನಗಣ್ಯ. ಬೆಕ್ಕಿನ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ (ಫಾಸ್ಫರಸ್) ಸ್ವಲ್ಪವಾದರೂ ಹೆಚ್ಚಿರಬೇಕು ಅಥವಾ ಸರಿಸಮವಾಗಿರಬೇಕು. ಬರಿಯ ಮಾಂಸದಲ್ಲಿ ರಂಜಕವೇ ಕ್ಯಾಲ್ಸಿಯಂನ ಹದಿನೈದು ಇಪ್ಪತ್ತು ಪಟ್ಟು ಇರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ನೋಡಿಕೊಳ್ಳಲು ದೇಹ ತನ್ನ ಮೂಳೆಯಿಂದಲೇ ಅದನ್ನು ಕರಗಿಸಿಕೊಳ್ಳುತ್ತದೆ. ಮುದ್ದಿನಿಂದ ಬರೀ ಮಾಂಸ ತಿನ್ನಿಸಿ ಬೆಳೆಸಿದ ಮರಿಗಳು ಸೋಫಾದಿಂದ ಹಾರಿದ ಮಾತ್ರಕ್ಕೆ ಕಾಲು ಮುರಿದುಕೊಂಡು ಬರುವುದನ್ನು ನಮ್ಮ ವೃತ್ತಿಯಲ್ಲಿರುವವರೆಲ್ಲರೂ ನೋಡಿದ್ದೇವೆ. ಆ ಮನೆಯವರು ಬೆಕ್ಕಿಗೆ ಯಾವುದಕ್ಕೂ ಕಡಿಮೆ ಮಾಡಿರುವುದಿಲ್ಲ. ಹಾಗಾಗಿ ಕಾರಣ ತಿಳಿಸುವಾಗ ನಮಗೂ ಸಂಕಟವಾಗುತ್ತದೆ. ಬೆಳ್ಳಿ ಬೆಳೆದ ಬೆಕ್ಕು, ಕತ್ತಿನ ಮೂಳೆಯೂ ಅಷ್ಟಿಷ್ಟು ಸಿಗುತ್ತಿದೆ, ಆದ್ದರಿಂದ ಅಷ್ಟು ಬೇಗ ತೊಂದರೆ ಕಾಣಿಸದು. ಆದರೆ ವಾರಕ್ಕೆರಡು ಸಲದ ಕತ್ತು ಲೆಕ್ಕಕ್ಕೆ ಸಾಲುತ್ತದೆಯೇ ಎಂಬುದನ್ನು ಅಂದಾಜಿಗೆ ಬಿಡಬಾರದು.

ಎರಡನೆಯ ಕೊರತೆ ಟಾರಿನ್. ಇದು ಅಮೈನೋ ಆಮ್ಲದ ಜಾತಿಗೆ ಸೇರಿದ ವಸ್ತು. ನಾಯಿ ಇದನ್ನು ಬಹುಮಟ್ಟಿಗೆ ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಆ ಸಾಮರ್ಥ್ಯ ತೀರಾ ಕಡಿಮೆ, ಊಟದಿಂದಲೇ ಬರಬೇಕು. ಇದು ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ ಸವೆಯುತ್ತದೆ, ಹೃದಯದ ಸ್ನಾಯು ತೆಳುವಾಗಿ ಹಿಗ್ಗುತ್ತದೆ. ಬೆಕ್ಕುಗಳಲ್ಲಿ ಆಗ ಸಾಮಾನ್ಯವಾಗಿದ್ದ ಆ ಹೃದ್ರೋಗಕ್ಕೆ ಟಾರಿನ್ ಕೊರತೆಯೇ ಕಾರಣವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಆ ಬಳಿಕವೇ ಬೆಕ್ಕಿನ ಆಹಾರ ತಯಾರಿಸುವ ಕಂಪನಿಗಳು ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಸೇರಿಸತೊಡಗಿದವು. ಕೋಳಿಯ ದೇಹದಲ್ಲಿ ಟಾರಿನ್ ಎಲ್ಲೆಡೆ ಒಂದೇ ಸಮನಾಗಿಲ್ಲ. ಸದಾ ದುಡಿಯುವ ಗುಂಡಿಗೆಯಲ್ಲಿ, ತೊಡೆಯ ಕಪ್ಪು ಮಾಂಸದಲ್ಲಿ ಹೆಚ್ಚು. ಬಿಳಿಯ ಎದೆಯ ಮಾಂಸದಲ್ಲಿ ಕಡಿಮೆ. ಬೆಳ್ಳಿಗೆ ನೀವು ಪ್ರೀತಿಯಿಂದ ಆರಿಸಿಕೊಡುತ್ತಿರುವುದು ಎದೆಯ ಭಾಗವನ್ನೇ.

ಅದೇ ಡೇವಿಸ್‌ನಲ್ಲಿ ನಡೆದ ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರವಾಗಿದೆ. ಒಂದು ಗುಂಪಿನ ಬೆಕ್ಕುಗಳಿಗೆ ಇಡೀ ಮೊಲವನ್ನು ಮೂಳೆ, ಅಂಗಾಂಗ ಸಮೇತ ರುಬ್ಬಿ ಹಸಿಯಾಗಿ ಕೊಟ್ಟರು. ಇನ್ನೊಂದು ಗುಂಪಿಗೆ ಒಳ್ಳೆಯ ದರ್ಜೆಯ ಪ್ಯಾಕೆಟ್ ಆಹಾರ. ಮೊಲ ತಿಂದ ಬೆಕ್ಕುಗಳ ಮಲ ಬೇಗನೆ ಗಟ್ಟಿಯಾಯಿತು, ನೋಡಲು ಅವು ಚೆಲುವಾಗಿದ್ದವು. ತಿಂಗಳುಗಳು ಕಳೆದ ಮೇಲೆ ಅವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಸತ್ತಿತು. ಕಾರಣ, ಟಾರಿನ್ ಕೊರತೆಯಿಂದ ಬಂದ ಹೃದ್ರೋಗ. ಗುಂಪಿನ ಉಳಿದ ಬೆಕ್ಕುಗಳಲ್ಲೂ ಕೊರತೆ ಕಂಡುಬಂತು. ಗಟ್ಟಿ ಮಲ, ಹೊಳೆಯುವ ಕೂದಲು ನಿಮಗೆ ಸಮಾಧಾನ ಕೊಟ್ಟಿವೆ, ಅದು ಸಹಜ. ಊಟ ಜೀರ್ಣವಾಗುತ್ತಿದೆ ಎಂಬುದಕ್ಕೆ ಅವು ಸಾಕ್ಷಿ. ಊಟ ಪೂರ್ಣವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹಳ್ಳಿಯ ಬೆಕ್ಕು ಇಲಿ ಹಿಡಿದು ತಿಂದು ಗಟ್ಟಿಮುಟ್ಟಾಗಿರುತ್ತದಲ್ಲ, ಅದಕ್ಕೆ ಯಾರು ಟಾರಿನ್ ಪುಡಿ ಕೊಟ್ಟರು ಎಂದು ಕೇಳುವವರಿದ್ದಾರೆ. ಇಲಿಯ ದೇಹದಲ್ಲಿ ಟಾರಿನ್ ಹೇರಳವಾಗಿದೆ. ಬೆಕ್ಕು ಅದನ್ನು ಮೂಳೆ, ಗುಂಡಿಗೆ, ಲಿವರ್, ಮಿದುಳು ಸಮೇತ ಬಿಸಿಬಿಸಿಯಾಗಿರುವಾಗಲೇ ತಿನ್ನುತ್ತದೆ. ಅಂಗಡಿಯಲ್ಲಿ ಚರ್ಮ ಸುಲಿದು ತೂಗಿ ಕೊಟ್ಟ ಬ್ರಾಯ್ಲರ್ ಎದೆಗೂ ಅದಕ್ಕೂ ಹೋಲಿಕೆಯಿಲ್ಲ. ಜೊತೆಗೆ ಹಳ್ಳಿಯ ಬೆಕ್ಕುಗಳಲ್ಲಿ ಎಷ್ಟು ಮರಿಗಳು ದೊಡ್ಡವಾಗುತ್ತವೆ, ಎಷ್ಟರ ಹೊಟ್ಟೆ ತುಂಬ ಹುಳು ಇರುತ್ತದೆ ಎಂಬುದನ್ನು ನಾವು ಲೆಕ್ಕ ಹಾಕುವುದಿಲ್ಲ.

ಲಿವರ್ ಬಗ್ಗೆಯೂ ಒಂದು ಮಾತು. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ ಅನ್ನು ಬೆಕ್ಕಿನ ದೇಹ ಎ ಜೀವಸತ್ವವಾಗಿ ಮಾರ್ಪಡಿಸಲಾರದು. ಬಿಸಿಲಿಗೆ ಮೈಯೊಡ್ಡಿದರೂ ಡಿ ಜೀವಸತ್ವ ತಯಾರಿಸಿಕೊಳ್ಳಲಾರದು. ಹಾಗಾಗಿ ಲಿವರ್ ಬೇಕೇ ಬೇಕು, ಆದರೆ ಒಟ್ಟು ಊಟದ ನೂರಕ್ಕೆ ಐದರಷ್ಟು ಸಾಕು. ರುಚಿಗೆ ಮರುಳಾದ ಬೆಕ್ಕಿಗೆ ದಿನವೂ ಬರೀ ಲಿವರ್ ಕೊಟ್ಟರೆ ಎ ಜೀವಸತ್ವ ವಿಷಮಟ್ಟಕ್ಕೆ ಏರಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಬೆಕ್ಕು ತಲೆ ತಿರುಗಿಸಲಾಗದೆ ನರಳುತ್ತದೆ. ಲಿವರ್ ಹೆಚ್ಚಾದ ದಿನ ಮಲ ಸಡಿಲವಾಗುವುದೂ ಉಂಟು.

ಇನ್ನು ಮಟನ್ ಕೊಟ್ಟಾಗ ಆದದ್ದೇನು? ನನ್ನ ಊಹೆಯಲ್ಲಿ ಮುಖ್ಯ ಅಪರಾಧಿ ಕೊಬ್ಬು. ಚರ್ಮ ತೆಗೆದ ಕೋಳಿಯ ಎದೆಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಯ ಕೈಮಾದಲ್ಲಿ ಎಷ್ಟು ಕೊಬ್ಬು ಸೇರಿದೆ ಎಂದು ಕೊಂಡವರಿಗೂ ತಿಳಿದಿರುವುದಿಲ್ಲ. ಒಂದು ವರ್ಷ ಒಂದೇ ಊಟಕ್ಕೆ ಹೊಂದಿಕೊಂಡ ಕರುಳಿನಲ್ಲಿ ಜೀರ್ಣರಸಗಳೂ ಸೂಕ್ಷ್ಮಜೀವಿಗಳೂ ಆ ಊಟಕ್ಕೆ ತಕ್ಕಂತೆ ನೆಲೆಗೊಂಡಿರುತ್ತವೆ. ರಾತ್ರೋರಾತ್ರಿ ಕೊಬ್ಬಿನ ಮಾಂಸ ಬಂದಾಗ ಅವು ತಬ್ಬಿಬ್ಬಾಗುತ್ತವೆ. ಮತ್ತೊಂದು ಸಂಗತಿ, ಇಡೀ ತುಂಡಿನ ಮೇಲ್ಮೈಯಲ್ಲಷ್ಟೇ ಇರುವ ಬ್ಯಾಕ್ಟೀರಿಯಾ ಕೈಮಾ ಮಾಡಿದಾಗ ಒಳಹೊರಗೆಲ್ಲ ಬೆರೆಯುತ್ತದೆ. ಯಂತ್ರದಲ್ಲಿ ಹಿಂದಿನ ಗಿರಾಕಿಯ ಮಾಂಸದ ಚೂರುಗಳೂ ಉಳಿದಿರುತ್ತವೆ. ಹೀಗಾಗಿ ಹಸಿ ಕೈಮಾ ಕೊಟ್ಟು ನೋಡಿದ ಪರೀಕ್ಷೆಯಿಂದ ಮಟನ್ ಒಗ್ಗುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದಿಲ್ಲ.

ಮೀನಿನ ಕಥೆ ಬೇರೆ. ಮಂಗಳೂರಿನ ದಕ್ಕೆಯಿಂದ ಮೈಸೂರಿನವರೆಗೆ ಬರುವಷ್ಟರಲ್ಲಿ ಮಂಜುಗಡ್ಡೆ ಎಲ್ಲಾದರೂ ಸಾಲದೆ ಹೋದರೆ ಭೂತಾಯಿ, ಬಂಗುಡೆಯಂಥ ಮೀನುಗಳಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ. ಅದು ವಾಂತಿ ತರಿಸಬಲ್ಲದು, ಬೇಯಿಸಿದರೂ ಹೋಗುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಥಯಾಮಿನೇಸ್ ಎಂಬ ಕಿಣ್ವ. ಭೂತಾಯಿಯ ಬಳಗದ ಹಲವು ಮೀನುಗಳಲ್ಲಿ ಇರುವ ಇದು ಊಟದಲ್ಲಿನ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಹಸಿ ಮೀನನ್ನೇ ನೆಚ್ಚಿದ ಬೆಕ್ಕು ಕೆಲವೇ ವಾರಗಳಲ್ಲಿ ಊಟ ಬಿಟ್ಟು, ತಲೆ ಎದೆಗೆ ಬಾಗಿಸಿಕೊಂಡು, ತೂರಾಡುತ್ತ, ಕೊನೆಗೆ ಸೆಳವಿಗೆ ಒಳಗಾಗುತ್ತದೆ. ಬೇಯಿಸಿದರೆ ಈ ಕಿಣ್ವ ಕೆಲಸ ಮಾಡುವುದಿಲ್ಲ. ಆದ್ದರಿಂದ ಬೆಳ್ಳಿಗೆ ಹಸಿ ಮೀನು ಬೇಡವೇ ಬೇಡ. ಮುಂದೆ ಕೊಡುವ ಮನಸ್ಸಾದರೆ ತಾಜಾ ಮೀನನ್ನು ಬೇಯಿಸಿ, ಮುಳ್ಳು ತೆಗೆದು, ವಾರಕ್ಕೊಮ್ಮೆ ಒಂದೆರಡು ಚಮಚ ಕೊಡಿ. ಅದಕ್ಕೂ ಅವಸರವಿಲ್ಲ.

ನೀವು ಕೇಳದಿದ್ದರೂ ನಾನು ಹೇಳಲೇಬೇಕಾದದ್ದು ಅತ್ತೆಯವರ ವಿಚಾರ. ಬೆಕ್ಕಿನ ಜಠರದ ಆಮ್ಲ ಎಲ್ಲ ರೋಗಾಣುಗಳನ್ನೂ ಸುಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಹಸಿ ಮಾಂಸ ತಿಂದ ಬೆಕ್ಕು ತಾನು ಲವಲವಿಕೆಯಿಂದ ಇದ್ದುಕೊಂಡೇ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೊರಹಾಕಬಹುದು. ನೆಕ್ಕಿ ಶುಚಿ ಮಾಡಿಕೊಂಡ ಮೈಯಿಂದ, ಪಂಜದಿಂದ ಅದು ಮಡಿಲಿಗೂ ಬರುತ್ತದೆ. ನಿಮಗೆ ಒಂದು ದಿನದ ಹೊಟ್ಟೆನೋವಾಗಿ ಮುಗಿಯುವ ಸೋಂಕು ಎಪ್ಪತ್ತೆಂಟರ ಹಿರಿಯರನ್ನು ಆಸ್ಪತ್ರೆಗೆ ಸೇರಿಸಬಲ್ಲದು. ನಮ್ಮ ಕೋಳಿ ಅಂಗಡಿಗಳಲ್ಲಿ ಕೊಯ್ದ ಮಾಂಸ ತಣ್ಣಗಿನ ಪೆಟ್ಟಿಗೆ ಕಾಣದೆ ಹಲಗೆಯ ಮೇಲೆಯೇ ಇರುವುದು ನಿಮಗೆ ಗೊತ್ತು. ಅಡುಗೆಯಲ್ಲಿ ಚೆನ್ನಾಗಿ ಬೇಯುತ್ತದೆ ಎಂಬ ಲೆಕ್ಕದಲ್ಲಿ ನಡೆಯುವ ವ್ಯಾಪಾರ ಅದು. ಫ್ರೀಜರ್‌ನಲ್ಲಿಟ್ಟರೆ ಕೆಲವು ಪರಾವಲಂಬಿಗಳು ಸಾಯುತ್ತವೆ, ಅದೂ ಮೈನಸ್ 20 ಡಿಗ್ರಿಯಲ್ಲಿ ದಿನಗಟ್ಟಲೆ ಇಟ್ಟರೆ. ವಿದ್ಯುತ್ ಕೈಕೊಡುವ ಮನೆಯ ಫ್ರಿಜ್ಜಿನ ಮೇಲಿನ ಖಾನೆ ಅಷ್ಟು ತಣ್ಣಗಿರುವ ಭರವಸೆಯಿಲ್ಲ. ಬ್ಯಾಕ್ಟೀರಿಯಾ, ವೈರಸ್‌ಗಳಂತೂ ಮಂಜಿನಲ್ಲಿ ಹಾಯಾಗಿ ಉಳಿಯುತ್ತವೆ.

ವೈರಸ್ ಎಂದಾಗ ಹಕ್ಕಿಜ್ವರವನ್ನು ಮರೆಯುವಂತಿಲ್ಲ. ಅದನ್ನು ತರುವ ಎಚ್5ಎನ್1 ವೈರಸ್ ಬೆಕ್ಕುಗಳಿಗೆ ಮಾರಕ. 2024ರ ಕೊನೆಯಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಹೊರಗೇ ಹೋಗದ ಬೆಕ್ಕೊಂದು ಸೋಂಕಿತ ಹಸಿ ಟರ್ಕಿ ಮಾಂಸದ ಆಹಾರ ತಿಂದು ಸತ್ತಿತು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲಿ ಈ ಸೋಂಕು ಪತ್ತೆಯಾಯಿತು. ಅದೇ ಹೊತ್ತಿಗೆ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲೂ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಬೇಯಿಸಿದ ಮಾಂಸದಲ್ಲಿ ಈ ವೈರಸ್ ಉಳಿಯುವುದಿಲ್ಲ. ಸುತ್ತಮುತ್ತ ಹಕ್ಕಿಜ್ವರದ ಸುದ್ದಿ ಬಂದರೆ ಹಸಿ ಕೋಳಿಯನ್ನು ಅಂದೇ ನಿಲ್ಲಿಸಿ.

ಈಗ ನಿಮ್ಮ ಮುಂದಿರುವ ದಾರಿಗಳು. ನಿಮ್ಮ ಮನೆಗೆ ನಾನು ಹೇಳುವುದು ಇದೇ ಕೋಳಿಯನ್ನು ಹದವಾಗಿ ಬೇಯಿಸಿ ಕೊಡುವ ದಾರಿ. ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ, ಜೀರ್ಣಕ್ಕೆ ಬೇಕಾದ ಕಿಣ್ವಗಳು ಸಾಯುತ್ತವೆ ಎಂಬ ವಾದ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮಾಂಸ ಜೀರ್ಣಿಸುವ ಕಿಣ್ವಗಳನ್ನು ಬೆಕ್ಕಿನ ಮೇದೋಜೀರಕ ಗ್ರಂಥಿಯೇ ಸುರಿಸುತ್ತದೆ, ಮಾಂಸದೊಳಗಿನ ಕಿಣ್ವವನ್ನು ಅದು ಕಾಯುತ್ತ ಕೂರುವುದಿಲ್ಲ. ಟಾರಿನ್ ನೀರಿನಲ್ಲಿ ಕರಗುವ ವಸ್ತು. ಕುದಿಸಿದ ನೀರನ್ನು ಚೆಲ್ಲಿದರೆ ಅದರೊಂದಿಗೆ ಹೋಗುತ್ತದೆ. ಆದ್ದರಿಂದ ಸ್ವಲ್ಪವೇ ನೀರು ಹಾಕಿ ಬೇಯಿಸಿ, ಆ ರಸವನ್ನು ಊಟಕ್ಕೇ ಬೆರೆಸಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಏನೂ ಬೇಡ. ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂದ ಮೂಳೆಯನ್ನು ಎಂದೂ ಕೊಡಬೇಡಿ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮೂಳೆಯ ಬದಲು ತೊಳೆದು ಒಣಗಿಸಿ ಹಿಟ್ಟಿನಂತೆ ಪುಡಿ ಮಾಡಿದ ಮೊಟ್ಟೆಚಿಪ್ಪು ಸಾಕು. ಒಂದು ಕಿಲೋ ಮೂಳೆರಹಿತ ಮಾಂಸಕ್ಕೆ ಸುಮಾರು ಒಂದು ಟೀ ಚಮಚ. ದಿನಕ್ಕೆ 250 ಮಿಲಿಗ್ರಾಂ ಟಾರಿನ್ ಪುಡಿ ಬೆರೆಸಿ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದರಿಂದ ಭಯವಿಲ್ಲ. ಇಷ್ಟಾದರೂ ಅಯೋಡಿನ್, ಸತು, ಇ ಜೀವಸತ್ವ, ಬಿ1 ಮುಂತಾದವುಗಳ ಕೊರತೆ ಉಳಿಯುತ್ತದೆ. ಅವನ್ನು ಕಣ್ಣಳತೆಯಲ್ಲಿ ಹಾಕಲಾಗದು. ಮನೆಯೂಟಕ್ಕೆ ಬೆರೆಸಲೆಂದೇ ಬರುವ ಬೆಕ್ಕಿನ ಜೀವಸತ್ವ-ಖನಿಜ ಮಿಶ್ರಣವನ್ನು ನಿಮ್ಮ ಪಶುವೈದ್ಯರನ್ನು ಕೇಳಿ ಆರಿಸಿಕೊಳ್ಳಿ. ಆ ಮಿಶ್ರಣದಲ್ಲೇ ಕ್ಯಾಲ್ಸಿಯಂ, ಟಾರಿನ್ ಇದ್ದರೆ ಮೇಲೆ ಹೇಳಿದ್ದನ್ನು ಮತ್ತೆ ಸೇರಿಸಬೇಡಿ.

ಅರ್ಧ ಮನೆಯೂಟ, ಅರ್ಧ ಡಬ್ಬಿಯ ತೇವಾಂಶದ ಆಹಾರ ಎಂಬುದು ಎರಡನೆಯ ದಾರಿ. ಒಣ ಆಹಾರ ಒಗ್ಗಲಿಲ್ಲವೆಂದ ಮಾತ್ರಕ್ಕೆ ಇದೂ ಒಗ್ಗದೆಂದಿಲ್ಲ. ಲೇಬಲ್ಲಿನಲ್ಲಿ ಸಂಪೂರ್ಣ ಸಮತೋಲಿತ ಆಹಾರ ಎಂದಿದೆಯೇ ನೋಡಿಕೊಳ್ಳಿ. ಗ್ರೇವಿ ಪೌಚುಗಳಲ್ಲಿ ಹಲವು ಪೂರಕ ಆಹಾರವಷ್ಟೇ. ಹಸಿಯನ್ನೇ ಮುಂದುವರಿಸುತ್ತೇನೆ ಎನ್ನುವುದು ಮೂರನೆಯ ದಾರಿ. ಹಿರಿಯರು, ಗರ್ಭಿಣಿ, ಎಳೆಮಕ್ಕಳು ಇರುವ ಮನೆಗೆ ನಾನು ಅದನ್ನು ಸೂಚಿಸುವುದಿಲ್ಲ. ಹಸಿ ಹಂದಿಮಾಂಸವನ್ನಂತೂ ಯಾವ ಮನೆಯಲ್ಲೂ ಬೆಕ್ಕಿಗೆ ಕೊಡಬಾರದು. ಅದರ ಮೂಲಕ ಬರಬಹುದಾದ ಆಜೆಸ್ಕಿ ರೋಗಕ್ಕೆ ಚಿಕಿತ್ಸೆಯಿಲ್ಲ.

ವೈವಿಧ್ಯದ ಮಾತಿಗೆ ಮರಳೋಣ, ಏಕೆಂದರೆ ಅದು ಬೇಡವೆಂದು ನಾನು ಹೇಳುತ್ತಿಲ್ಲ. ಒಂದೇ ರುಚಿ, ಒಂದೇ ಹದಕ್ಕೆ ಅಂಟಿಕೊಂಡ ಬೆಕ್ಕು ಮುಂದೆ ಮೂತ್ರಪಿಂಡದ ಕಾಯಿಲೆ ಬಂದು ಪಥ್ಯದ ಆಹಾರ ಕೊಡಬೇಕಾದಾಗ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಎರಡು ಮಾಂಸ, ಎರಡು ಹದ ರೂಢಿಯಲ್ಲಿರುವುದು ಒಳ್ಳೆಯದು. ಐದು ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಸರದಿ ಊಟದ ಪ್ರಚಾರಕರು ಹೇಳುವುದಿಲ್ಲ. ನಾಳೆ ಬೆಳ್ಳಿಗೆ ಆಹಾರದ ಅಲರ್ಜಿ ಇದೆಯೇ ಎಂದು ಪರೀಕ್ಷಿಸಬೇಕಾದರೆ ಅದು ಹಿಂದೆಂದೂ ತಿನ್ನದ ಮಾಂಸವೊಂದನ್ನೇ ಆರರಿಂದ ಎಂಟು ವಾರ ಕೊಟ್ಟು ನೋಡಬೇಕು. ಮೊಲ, ಬಾತುಕೋಳಿ, ಟರ್ಕಿ ಎಲ್ಲವನ್ನೂ ಈಗಲೇ ತಿನ್ನಿಸಿಬಿಟ್ಟರೆ ಆಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸೂಕ್ಷ್ಮ ಹೊಟ್ಟೆಯ ಬೆಕ್ಕಿನ ವಿಷಯದಲ್ಲಿ ಒಂದೆರಡು ಮಾಂಸವನ್ನು ಮುಟ್ಟದೆ ಬಿಟ್ಟಿರಬೇಕು. ನಿಮ್ಮಲ್ಲಿ ಮೊಲ ಮತ್ತು ಬಾತುಕೋಳಿ ಹಾಗೇ ಇರಲಿ.

ಮೊದಲ ಬದಲಾವಣೆ ಕೋಳಿಯೊಳಗೇ ಆಗಲಿ. ಎದೆಯ ಬದಲು ತೊಡೆ, ಜೊತೆಗೆ ಸ್ವಲ್ಪ ಗುಂಡಿಗೆ. ತೊಡೆಯಲ್ಲಿ ಕೊಬ್ಬು ಹೆಚ್ಚಿರುವುದರಿಂದ ಚರ್ಮ ತೆಗೆಯಿರಿ, ನಿಧಾನವಾಗಿ ಸೇರಿಸಿ. ಹಸಿಯಿಂದ ಬೆಂದದ್ದಕ್ಕೆ ಹೋಗುವುದನ್ನೂ ಇದನ್ನೂ ಒಟ್ಟಿಗೆ ಮಾಡಬೇಡಿ. ಮೊದಲು ಎದೆಯ ಮಾಂಸವನ್ನೇ ಬೇಯಿಸಿ ಹತ್ತು ದಿನಗಳಲ್ಲಿ ಹಸಿಯ ಜಾಗಕ್ಕೆ ತನ್ನಿ, ಆಮೇಲೆ ತೊಡೆ, ಆಮೇಲೆ ಗುಂಡಿಗೆ. ಹಸಿಯೊಂದಿಗೆ ಹೋಗುವ ಕತ್ತಿನ ಮೂಳೆಯ ಜಾಗಕ್ಕೆ ಖನಿಜದ ಮಿಶ್ರಣ ಬರಬೇಕು. ಅದನ್ನೂ ಚಿಟಿಕೆಯಿಂದ ಶುರುಮಾಡಿ, ಕೆಲವು ಬೆಕ್ಕುಗಳಿಗೆ ಪುಡಿಯ ವಾಸನೆ ಹಿಡಿಸುವುದಿಲ್ಲ. ಎಲ್ಲವೂ ಸರಿಯಾಗಿ, ಎರಡು ವಾರ ಮಲ ಗಟ್ಟಿಯಿದ್ದ ಮೇಲೆ ಮಟನ್. ಅಂಗಡಿಯ ಕೈಮಾ ಬೇಡ. ತೊಡೆಯ ತುಂಡು ತಂದು ಕೊಬ್ಬು ಕತ್ತರಿಸಿ ತೆಗೆದು, ಬೇಯಿಸಿ, ತಣಿದ ಮೇಲೆ ಮೇಲೆ ಕಟ್ಟಿದ ಕೊಬ್ಬನ್ನೂ ತೆಗೆಯಿರಿ. ಬೆಳಗಿನ ಊಟಕ್ಕೆ ಅರ್ಧ ಟೀ ಚಮಚ ಬೆರೆಸಿ ಮೂರು ದಿನ ನೋಡಿ. ಸರಿಯಿದ್ದರೆ ಒಂದು ಚಮಚ, ಮತ್ತೆ ಮೂರು ದಿನ. ಹೀಗೆ ಮೂರು ನಾಲ್ಕು ವಾರಗಳಲ್ಲಿ ಊಟದ ಕಾಲು ಭಾಗಕ್ಕೆ ಬಂದರೆ ಸಾಕು. ಮಲ ಸಡಿಲವಾದ ದಿನ ಹಿಂದಿನ ಮೆಟ್ಟಿಲಿಗೆ ಇಳಿದು, ಒಂದು ವಾರ ಅಲ್ಲೇ ನಿಲ್ಲಿ. ದಿನಾಂಕ, ಊಟ, ಮಲದ ಸ್ಥಿತಿ, ವಾರಕ್ಕೊಮ್ಮೆ ತೂಕ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಊಟ ಫ್ರಿಜ್ಜಿನ ತಣ್ಣಗಿನದಾಗಿರದೆ ಉಗುರುಬೆಚ್ಚಗಿರಲಿ.

ಇಷ್ಟು ನಿಧಾನವಾಗಿ, ಕೊಬ್ಬು ತೆಗೆದ ಬೆಂದ ಮಟನ್ ಕೊಟ್ಟಾಗಲೂ ಲೋಳೆ ಕಾಣಿಸಿದರೆ ಆಗ ಮಟನ್ ಮೇಲೆ ಅನುಮಾನ ಪಡಬಹುದು. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಹೊಸ ಮಾಂಸಕ್ಕೆ ಕೈಹಾಕುವ ಮೊದಲೇ ಮಲ ಪರೀಕ್ಷೆ ಮಾಡಿಸುತ್ತಿದ್ದೆ. ಮರಿಯಾಗಿದ್ದಾಗಿನಿಂದ ಹೊಟ್ಟೆ ಸೂಕ್ಷ್ಮ ಎಂದು ಬರೆದಿದ್ದೀರಿ. ಅಂಥ ಬೆಕ್ಕುಗಳಲ್ಲಿ ಹಲವಕ್ಕೆ ಇರುವುದು ಜಿಯಾರ್ಡಿಯಾ, ಟ್ರೈಟ್ರಿಕೋಮೋನಾಸ್‌ನಂಥ ಪರಾವಲಂಬಿ. ಊಟ ಬದಲಿಸಿದಾಗ ಲಕ್ಷಣ ತಗ್ಗುತ್ತದೆ, ಪರಾವಲಂಬಿ ಉಳಿದಿರುತ್ತದೆ. ಒಂದು ದಿನದ ಮಾದರಿಯಲ್ಲಿ ಅದು ಸಿಗದೆ ಹೋಗಬಹುದಾದ್ದರಿಂದ ದಿನ ಬಿಟ್ಟು ದಿನ ಮೂರು ಮಾದರಿ ಕೊಡಿ. ಅದರಲ್ಲೂ ಏನೂ ಕಾಣದಿದ್ದರೆ ರಕ್ತದಲ್ಲಿ ಬಿ12 ಪ್ರಮಾಣ, ಹೊಟ್ಟೆಯ ಅಲ್ಟ್ರಾಸೌಂಡ್ ನೋಡಿ ಕರುಳಿನ ದೀರ್ಘಕಾಲದ ಉರಿಯೂತ ಇದೆಯೇ ಎಂದು ತಿಳಿಯಬೇಕಾಗುತ್ತದೆ. ಖಾಸಗಿ ಚಿಕಿತ್ಸಾಲಯದ ಖರ್ಚು ಹೊರೆಯಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಪರೀಕ್ಷೆಗೆ ಹೋದಾಗ ಹೃದಯವನ್ನೂ ನೋಡಲು ಕೇಳಿ. ಒಂದು ವರ್ಷ ಎದೆಯ ಮಾಂಸವನ್ನೇ ತಿಂದ ಬೆಕ್ಕಿಗೆ ಅದು ಅಗತ್ಯ. ಟಾರಿನ್ ಕೊರತೆಯ ಹೃದ್ರೋಗ ಬೇಗ ತಿಳಿದರೆ ಗುಣವಾಗುವಂಥದ್ದು.

ಕೆಲವು ಸಂದರ್ಭಗಳಲ್ಲಿ ಈ ಯಾವ ಪ್ರಯೋಗವನ್ನೂ ಮಾಡದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಮಲದಲ್ಲಿ ರಕ್ತ, ಮೇಲಿಂದ ಮೇಲೆ ವಾಂತಿ, ತೂಕ ಇಳಿಯುವುದು, ಒಸಡು ಅಥವಾ ಕಿವಿಯ ಒಳಭಾಗ ಹಳದಿಯಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ. ಬೆಳ್ಳಿ ಒಂದು ಇಡೀ ದಿನ ಊಟ ಮುಟ್ಟದಿದ್ದರೂ ಕರೆ ಮಾಡಿ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಹಟ ಹಿಡಿದು ಕೂರುವುದು ನಾಯಿಗೆ ನಡೆಯಬಹುದು, ಬೆಕ್ಕಿಗೆ ಅಪಾಯ. ಎರಡು ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಲಿವರ್‌ಗೆ ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗುತ್ತದೆ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಎಂದುಕೊಳ್ಳಬೇಡಿ. ಮೂತ್ರ ಕಟ್ಟಿರಬಹುದು, ಅದು ಗಂಟೆಗಳ ಲೆಕ್ಕದ ತುರ್ತು. ಮನುಷ್ಯರ ಮಾತ್ರೆಗಳನ್ನು ಕೊಡಬೇಡಿ, ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ.

ಕೊನೆಯದಾಗಿ ಮೊಸರನ್ನ. ಬೆಳೆದ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಮೊಸರಿನಲ್ಲಿ ಅದು ಕಡಿಮೆಯಿರುವುದರಿಂದ ಸಪ್ಪೆ ಮೊಸರು ಒಂದು ಚಮಚ ನೆಕ್ಕಿದರೆ ಕೇಡಿಲ್ಲ, ಆದರೆ ಅದು ಭೇದಿಗೆ ಔಷಧವಲ್ಲ. ಅನ್ನದಿಂದ ಬೆಕ್ಕಿಗೆ ಹೆಚ್ಚಿನ ಉಪಯೋಗವಿಲ್ಲ. ಉಪ್ಪು, ಇಂಗು, ಒಗ್ಗರಣೆ ಬಿದ್ದ ಮೊಸರನ್ನವಂತೂ ಬೇಡ. ಬೆಳ್ಳಿ ಚಟುವಟಿಕೆಯಿಂದಿದ್ದು ಮಲ ಮಾತ್ರ ಸಡಿಲವಾಗಿದ್ದರೆ ಒಗ್ಗಿರುವ ಕೋಳಿಯನ್ನೇ ಬೇಯಿಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಿ, ಬೇಯಿಸಿ ನುಣ್ಣಗೆ ಮಸೆದ ಸಿಹಿಗುಂಬಳವನ್ನು ಒಂದು ಟೀ ಚಮಚದಷ್ಟು ಬೆರೆಸಿ, ನೀರು ಧಾರಾಳವಾಗಿ ಸಿಗುವಂತೆ ನೋಡಿಕೊಳ್ಳಿ. ಎರಡು ದಿನಗಳಲ್ಲಿ ಸುಧಾರಿಸದಿದ್ದರೆ ಮಲದ ಮಾದರಿಯನ್ನೂ ಬರೆದಿಟ್ಟ ಪುಸ್ತಕವನ್ನೂ ಹಿಡಿದು ಪಶುವೈದ್ಯರನ್ನು ಕಾಣಿ. ಟ್ರೇ ತೊಳೆಯುವ ಕೆಲಸವನ್ನು ಅತ್ತೆಯವರಿಗೆ ಬಿಡದೆ ನೀವೇ ದಿನವೂ ಮಾಡಿ, ಬೆಳ್ಳಿ ಮಡಿಲಿನಿಂದ ಎದ್ದ ಮೇಲೆ ಅವರು ಸೋಪಿನಿಂದ ಕೈತೊಳೆದುಕೊಂಡು ಊಟಕ್ಕೆ ಕೂರಲಿ.